ಚಳಿಜ್ವರದ ಜಮಾ-ಖರ್ಚು

ಮಲೇರಿಯಾ ಪರೀಕ್ಷೆಗೆ ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಗೆ ಒತ್ತಿಕೊಳ್ಳುವ ರಕ್ತ ಸುಮಾರು 6 ಮೈಕ್ರೋಲೀಟರ್. ಒಂದು ಮೈಕ್ರೋಲೀಟರಿಗೆ 50 ಲಕ್ಷದಂತೆ ಅದರಲ್ಲಿ 3 ಕೋಟಿ ಕೆಂಪು ಕಣಗಳಿರುತ್ತವೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಬೈಂದೂರು, ಕುಂದಾಪುರ, ಬ್ರಹ್ಮಾವರವೂ ಸೇರಿದ ಇಡೀ ಜಿಲ್ಲೆಯ ಜನರ ಇಪ್ಪತ್ತೈದು ಪಟ್ಟು ಕಣಗಳು ಆ ಒಂದು ಹನಿಯಲ್ಲಿ. ಮೈಯಲ್ಲಿರುವ ಐದು ಲೀಟರ್ ರಕ್ತಕ್ಕೆ ಲೆಕ್ಕ ಹಾಕಿದರೆ 25 ಲಕ್ಷ ಕೋಟಿ. ಮಲೇರಿಯಾದ ಪರೋಪಜೀವಿ ಕೈ ಹಾಕುವುದು ಈ ದಾಸ್ತಾನಿಗೆ.

ದಪ್ಪ ಲೇಪನದ ಸ್ಲೈಡನ್ನು ಒಮ್ಮೆಯಾದರೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಮ್ಮ ದೇಶದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಳಸಿಕೊಂಡು ಬಂದ ಬಣ್ಣದ ಹೆಸರು ಜೆಎಸ್‌ಬಿ. ಅದನ್ನು ರೂಪಿಸಿದ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಅವರ ಹೆಸರಿನ ಮೊದಲಕ್ಷರಗಳು. ನೀರು ತಾಗಿದ ಕೂಡಲೇ ಹಿಮೋಗ್ಲೋಬಿನ್ ತೊಳೆದುಹೋಗುತ್ತದೆ, ಕೆಂಪು ಕಣಗಳು ಕಣ್ಣಿಗೆ ಕಾಣದಾಗುತ್ತವೆ. ಉಳಿಯುವುದು ನೇರಳೆ ಬಣ್ಣದ ಬಿಳಿ ಕಣಗಳು, ಅವುಗಳ ನಡುವೆ ಹರಿದ ಚಿಂದಿಯಂಥ ನೀಲಿ ತುಣುಕು, ಅದರೊಳಗೊಂದು ಕೆಂಪು ಬಿಂದು. ಬೆಳೆದ ಪರೋಪಜೀವಿಯಾದರೆ ಇನ್ನೂ ಒಂದು ಗುರುತುಂಟು: ನಶ್ಯದ ಪುಡಿ ಉದುರಿದಂತೆ ಸಣ್ಣ ಕಂದು ಕಾಳುಗಳು. ಆ ಕಂದು ಕಾಳು ಹೊರಗಿಂದ ಬಿದ್ದ ಕೊಳೆಯಲ್ಲ, ರೋಗಿಯ ರಕ್ತದ್ದೇ ಕಬ್ಬಿಣ.

ಅದು ಅಲ್ಲಿಗೆ ಬಂದದ್ದು ಹೇಗೆ ಎಂಬುದಕ್ಕೆ ಒಂದೇ ಒಂದು ಕೆಂಪು ಕಣದ ಲೆಕ್ಕ ಸಾಕು. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಪ್ರತಿ ಅಣುವಿಗೆ ನಾಲ್ಕು ಸರಪಳಿ, 141 ಅಮೈನೋ ಆಮ್ಲಗಳ ಎರಡು, 146ರ ಎರಡು, ಒಟ್ಟು 574. ಗುಣಿಸಿದರೆ ಒಂದು ಕಣದಲ್ಲಿ 15,500 ಕೋಟಿ ಅಮೈನೋ ಆಮ್ಲ. ಪರೋಪಜೀವಿ ತನ್ನ 48 ಗಂಟೆಯ ಬಾಳಿನಲ್ಲಿ ಇದರ 60ರಿಂದ 80 ಶೇಕಡಾ ಕರಗಿಸುತ್ತದೆ. ಕರಗಿಸುವುದಕ್ಕೆ ಅದರ ಹೊಟ್ಟೆಚೀಲದಲ್ಲಿ ಕತ್ತರಿಗಳಂಥ ಪ್ರೋಟೀನ್‌ಗಳ ಸಾಲೇ ಇದೆ. ಪ್ಲಾಸ್ಮೆಪ್ಸಿನ್‌ಗಳು ಮೊದಲ ಸೀಳು ಹಾಕುತ್ತವೆ, ಫಾಲ್ಸಿಪೈನ್‌ಗಳು ತುಂಡು ಮಾಡುತ್ತವೆ, ಉಳಿದವು ಪುಡಿ ಮಾಡುತ್ತವೆ.

ಇಷ್ಟು ತಿಂದರೂ ಅದು ಮೈಗೆ ಹಚ್ಚಿಕೊಳ್ಳುವುದು ಬಹಳ ಕಡಿಮೆ. ಕರಗಿಸಿದ್ದರಲ್ಲಿ ಹೆಚ್ಚೆಂದರೆ 16 ಶೇಕಡಾ ಅಮೈನೋ ಆಮ್ಲವನ್ನು ತನ್ನ ಪ್ರೋಟೀನ್ ಕಟ್ಟಲು ಬಳಸುತ್ತದೆ, ಮಿಕ್ಕಿದ್ದನ್ನು ಹೊರಗೆ ಸುರಿಯುತ್ತದೆ. ತಾನು ಬೆಳೆಯಲು ಜಾಗ ಬೇಕು, ಕಣ ಹೊತ್ತಿಗೆ ಮೊದಲೇ ಒಡೆಯಬಾರದು. ಅದಕ್ಕಾಗಿಯೇ ಈ ಅತಿಯೂಟ ಎಂಬ ವಿವರಣೆಯಿದೆ. ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ವಯಸ್ಕರ ಹಿಮೋಗ್ಲೋಬಿನ್‌ನಲ್ಲಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲ ಒಂದೇ ಒಂದೂ ಇಲ್ಲ. ಪರೋಪಜೀವಿಯ ಪ್ರೋಟೀನ್‌ಗಳಿಗೆ ಅದು ಬೇಕೇ ಬೇಕು. ಕೊಪ್ಪರಿಗೆ ತುಂಬ ಕುಚ್ಚಲಕ್ಕಿ ಗಂಜಿಯಿದ್ದರೂ ಉಪ್ಪು ಹೊರಗಿಂದಲೇ ತರಬೇಕಾದಂತೆ, ಇದನ್ನು ಅದು ರೋಗಿಯ ರಕ್ತದ್ರವದಿಂದ ಎಳೆದುಕೊಳ್ಳುತ್ತದೆ.

ಪ್ರೋಟೀನ್ ಕರಗಿದ ಮೇಲೆ ಉಳಿಯುವುದು ಹೀಮ್. ಅಣುವಿಗೆ ನಾಲ್ಕರಂತೆ ಒಂದು ಕಣದಲ್ಲಿ 108 ಕೋಟಿ. 70 ಶೇಕಡಾ ಊಟಕ್ಕೆ 75 ಕೋಟಿ ಹೀಮ್ ಪರೋಪಜೀವಿಯ ಹೊಟ್ಟೆಗೆ ಬೀಳುತ್ತದೆ, ಅದಕ್ಕೆ ಅದು ವಿಷ. ಹಾಗಾಗಿ ಅದನ್ನು ಹರಳುಗಟ್ಟಿಸಿ ಮೂಲೆಗೆ ತಳ್ಳುತ್ತದೆ. ಸ್ಲೈಡಿನಲ್ಲಿ ಕಂಡ ಕಂದು ಕಾಳು ಇದೇ. ಕ್ಲೋರೋಕ್ವಿನ್ ಮಾತ್ರೆ ಮಾಡುವ ಕೆಲಸ ಇಷ್ಟು: ಹರಳುಗಟ್ಟಲು ಬಿಡುವುದಿಲ್ಲ. ಪರೋಪಜೀವಿ ತಾನು ತಿಂದದ್ದರ ವಿಷದಲ್ಲೇ ಸಾಯುತ್ತದೆ. 60 ಕಿಲೋ ತೂಕದ ವ್ಯಕ್ತಿಗೆ ಮೂರು ದಿನಕ್ಕೆ 4, 4, 2ರಂತೆ 150 ಮಿ.ಗ್ರಾಂ.ನ ಹತ್ತು ಮಾತ್ರೆ, ಒಟ್ಟು 1,500 ಮಿಲಿಗ್ರಾಂ. ಆದರೆ ಫಾಲ್ಸಿಪಾರಮ್ ಜಾತಿ ಇದಕ್ಕೆ ದಾರಿ ಕಂಡುಕೊಂಡಿತು. ಹೊಟ್ಟೆಚೀಲದ ಗೋಡೆಯಲ್ಲಿ 424 ಅಮೈನೋ ಆಮ್ಲಗಳ ಒಂದು ಸಾಗಣೆ ಪ್ರೋಟೀನ್ ಇದೆ. ಅದರ 76ನೇ ಸ್ಥಾನದಲ್ಲಿ ಲೈಸಿನ್ ಹೋಗಿ ಥ್ರಿಯೋನಿನ್ ಬಂದದ್ದು ಆ ಪ್ರೋಟೀನಿನಲ್ಲಾದ ಬದಲಾವಣೆಗಳಲ್ಲಿ ನಿರ್ಣಾಯಕವಾದದ್ದು. ಔಷಧಿಯನ್ನು ಅದು ಹೊರದಬ್ಬತೊಡಗಿತು. ನಮ್ಮ ದೇಶದಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಮ್ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ. 2010ರಿಂದ ದೇಶದಾದ್ಯಂತ ಫಾಲ್ಸಿಪಾರಮ್‌ಗೆ ಆರ್ಟೆಮಿಸಿನಿನ್ ಆಧಾರಿತ ಜೋಡಿ ಔಷಧಿಯೇ ಗತಿ.

ಕರಾವಳಿಯಲ್ಲಿ ಹೆಚ್ಚಿಗೆ ಸಿಗುವುದು ವೈವಾಕ್ಸ್ ಎಂಬ ಇನ್ನೊಂದು ಜಾತಿ. ಇದಕ್ಕೆ ಯಾವ ಕಣವಾದರೂ ಆಗುವುದಿಲ್ಲ. ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಕಣವೇ ಬೇಕು, ಅಂಥವು ನೂರಕ್ಕೆ ಒಂದೋ ಎರಡೋ. ಎಳೆಯ ಕಣದ ಮೈಮೇಲಿರುವ ಟ್ರಾನ್ಸ್‌ಫೆರಿನ್ ಗ್ರಾಹಕವನ್ನು ವೈವಾಕ್ಸ್‌ನ ಒಂದು ಪ್ರೋಟೀನ್ ಹಿಡಿಯುತ್ತದೆ, ಇನ್ನೊಂದು ಡಫಿ ಎಂಬ ಗುರುತನ್ನು ಹಿಡಿಯುತ್ತದೆ. ಒಳನುಗ್ಗುವ ಕೆಲಸ ಒಂದೆರಡು ನಿಮಿಷದೊಳಗೆ ಮುಗಿಯಬೇಕು, ಹೊರಗೇ ಉಳಿದ ಮರಿ ಬಹಳ ಹೊತ್ತು ಬಾಳುವುದಿಲ್ಲ. ನುಗ್ಗಿದ ಮೇಲೆ 48 ಗಂಟೆ. ಒಂದು 12ರಿಂದ 24 ಆಗಿ ಕಣ ಒಡೆಯುತ್ತದೆ, ನಡುಕ ಶುರು. ದಿನ ಬಿಟ್ಟು ದಿನ ಚಳಿ ಹಿಡಿಯುವುದು ಇದರಿಂದ. ನಡುವಿನ ದಿನ ಎದ್ದು ಓಡಾಡುತ್ತಾರೆ. ಕೇಳಿದರೆ “ಈಗ ಅಡ್ಡಿಲ್ಲೆ” ಅನ್ನುತ್ತಾರೆ. ಆ ದಿನ ಒಳಗೆ ಹಿಮೋಗ್ಲೋಬಿನ್ ಕರಗುತ್ತಲೇ ಇರುತ್ತದೆ.

ಲೆಕ್ಕ ಮುಂದುವರಿಸೋಣ. ಸೊಳ್ಳೆ ಬಿಟ್ಟ ಒಂದು ವೈವಾಕ್ಸ್ ಬೀಜ ಯಕೃತ್ತಿನಲ್ಲಿ ಸುಮಾರು ಎಂಟು ದಿನ ಬೆಳೆದು ಹತ್ತು ಸಾವಿರದಷ್ಟು ಮರಿಗಳನ್ನು ರಕ್ತಕ್ಕೆ ಬಿಡುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ 48 ಗಂಟೆಗೆ ಹತ್ತು ಪಟ್ಟಾದರೆ ಒಂದು ಲಕ್ಷ, ಹತ್ತು ಲಕ್ಷ, ಒಂದು ಕೋಟಿ, ಹತ್ತು ಕೋಟಿ. ಎಂಟನೆಯ ದಿನಕ್ಕೆ ಮೈಕ್ರೋಲೀಟರಿಗೆ 20. ಟೆಕ್ನಿಷಿಯನ್ ನೋಡುವ ನೂರು ನೋಟಗಳಲ್ಲಿ ಒಟ್ಟು ಇರುವುದು 0.2 ಮೈಕ್ರೋಲೀಟರ್ ರಕ್ತ, ಅಂದರೆ ನಾಲ್ಕು ಪರೋಪಜೀವಿ. ನೂರರ ಬದಲು ಐವತ್ತು ನೋಡಿ ಎದ್ದರೆ ಎರಡೇ. ಆರಂಭದಲ್ಲಿ ನೆಗೆಟಿವ್ ಬಂದ ಸ್ಲೈಡನ್ನು ಜ್ವರ ನಿಲ್ಲದಿದ್ದರೆ ಮತ್ತೆ ತೆಗೆಯಬೇಕು ಎನ್ನುವುದು ಈ ಕಾರಣಕ್ಕೆ.

ಕಿಟ್ ಪರೀಕ್ಷೆಯೂ ಹಿಡಿಯುವುದು ಪ್ರೋಟೀನನ್ನೇ. ಫಾಲ್ಸಿಪಾರಮ್‌ಗೆ ಎಚ್‌ಆರ್‌ಪಿ-2, ವೈವಾಕ್ಸ್‌ಗೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಗೆರೆ ಮೂಡಲು ಮೈಕ್ರೋಲೀಟರಿಗೆ ಸಾಮಾನ್ಯವಾಗಿ ನೂರು, ಇನ್ನೂರು ಪರೋಪಜೀವಿ ಬೇಕು. ನಮ್ಮ ಲೆಕ್ಕದಲ್ಲಿ ಇನ್ನೆರಡು ದಿನ ಕಳೆಯಬೇಕು. ಎಚ್‌ಆರ್‌ಪಿ-2 ರೋಗ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಆಗ ಕಾಣುವ ಗೆರೆ ಹಳೆಯ ಸಾಲದ ಚೀಟಿ ಇದ್ದಂತೆ, ಹೊಸ ರೋಗವೆಂದು ಹೆದರಬೇಕಿಲ್ಲ.

ಫಾಲ್ಸಿಪಾರಮ್ ಜೀವ ತೆಗೆಯುವುದು ಮುಖ್ಯವಾಗಿ ಒಂದು ಪ್ರೋಟೀನಿನ ಬಲದಿಂದ. 2002ರಲ್ಲಿ ಅದರ 14 ವರ್ಣತಂತುಗಳ ಪೂರ್ಣ ಓದು ಪ್ರಕಟವಾದಾಗ ಸುಮಾರು 5,300 ಜೀನ್‌ಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ 60ರಷ್ಟು ಈ ಒಂದೇ ಬಗೆಯ ಪ್ರೋಟೀನಿನ ಬೇರೆ ಬೇರೆ ವೇಷಗಳಿಗೆ ಮೀಸಲು. ಒಂದು ಸಲಕ್ಕೆ ಒಂದೇ ವೇಷ ರಂಗಕ್ಕೆ ಬರುತ್ತದೆ, ದೇಹ ಗುರುತು ಹಿಡಿಯುವಷ್ಟರಲ್ಲಿ ಚೌಕಿಯಿಂದ ಇನ್ನೊಂದು. ಕೆಂಪು ಕಣದ ಹೊರಮೈಗೆ ಬಂದು ನಿಂತ ಈ ಪ್ರೋಟೀನ್ ಮಿದುಳಿನ ಕಿರುನಾಳಗಳಿಗೆ ಅಂಟಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ನಡೆದ ಒಂದು ಕೆಲಸ ಇಲ್ಲಿ ಹೇಳಲೇಬೇಕು. 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್, ಹೀಮ್‌ನ ರಾಶಿಯ ಮೇಲೆ ಕುಳಿತಿದ್ದರೂ ಪರೋಪಜೀವಿ ತನ್ನ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿದರು. ಆ ತಯಾರಿಕೆಯ ಕಿಣ್ವಗಳನ್ನು ತಡೆದರೆ ಔಷಧಿಯಾದೀತು ಎಂಬ ಆಸೆ ಹುಟ್ಟಿತು. 2013ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪದ್ಮನಾಭನ್ ತಂಡವೇ ಇನ್ನೂ ಮುಂದೆ ಹೋಗಿ, ರಕ್ತದ ಹಂತದಲ್ಲಿ ಆ ತಯಾರಿಕೆ ಇಲ್ಲದಿದ್ದರೂ ನಡೆಯುತ್ತದೆ, ಸೊಳ್ಳೆಯಲ್ಲೂ ಯಕೃತ್ತಿನಲ್ಲೂ ಮಾತ್ರ ಇಲ್ಲದೆ ನಡೆಯದು ಎಂದು ಪ್ರಕಟಿಸಿತು. ಇಪ್ಪತ್ತೊಂದು ವರ್ಷ ಒಂದೇ ಪ್ರಶ್ನೆಯ ಹಿಂದೆ ಬಿದ್ದು, ತಮ್ಮದೇ ಮೊದಲ ನಿರೀಕ್ಷೆಯನ್ನು ತಾವೇ ತಿದ್ದಿಕೊಂಡ ಈ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ.

ದೇಶದ ಅಂಕಿ ಇಳಿದಿದೆ. 2015ರಲ್ಲಿ 11,69,261 ಇದ್ದ ಪ್ರಕರಣ 2023ಕ್ಕೆ 2,27,564, ಸಾವು 384ರಿಂದ 83. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಊರುಗಳಲ್ಲಿ ನೀರಿಗೆ ಬರವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ರಜೆ. ಗಂಗೊಳ್ಳಿಯಲ್ಲಾಗಲಿ ಹಂಗಾರಕಟ್ಟೆಯಲ್ಲಾಗಲಿ ನಿಲ್ಲಿಸಿಟ್ಟ ಬೋಟಿನ ಹೊಟ್ಟೆಯಲ್ಲಿ, ಕಟ್ಟುತ್ತಿರುವ ಮನೆಯ ತಾರಸಿಯಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿಯಲ್ಲಿ ತಿಳಿನೀರು ನಿಲ್ಲುತ್ತದೆ. ಸೊಳ್ಳೆಯೊಳಗೆ ಪರೋಪಜೀವಿ ಬಲಿಯಲು 10ರಿಂದ 14 ದಿನ, ಯಕೃತ್ತಿನಲ್ಲಿ 8, ರಕ್ತದಲ್ಲಿ ಇನ್ನು 8. ಒಂದು ಸುತ್ತಿಗೆ ಸುಮಾರು ಒಂದು ತಿಂಗಳು, 61 ದಿನಕ್ಕೆ ಎರಡು ಸುತ್ತು.

ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ, ಕೂಲಿ ಉಚಿತವಲ್ಲ. ಉದ್ಯೋಗ ಖಾತರಿಯ 2025-26ರ ದರ ದಿನಕ್ಕೆ 370 ರೂಪಾಯಿ ಹಿಡಿದರೂ ಏಳು ದಿನ ಮಲಗಿದರೆ 2,590 ರೂಪಾಯಿ ಹೋಯಿತು. ಜ್ವರ ಮರುಕಳಿಸಿದರೆ 5,180. ವೈವಾಕ್ಸ್ ಮರುಕಳಿಸದಂತೆ ಕೊಡುವುದು ಪ್ರೈಮಾಕ್ವಿನ್, ದಿನಕ್ಕೆ 15 ಮಿಲಿಗ್ರಾಂನಂತೆ 14 ದಿನ, ಒಟ್ಟು 210. ಗರ್ಭಿಣಿಯರಿಗೆ, ಒಂದು ವರ್ಷ ತುಂಬದ ಮಕ್ಕಳಿಗೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಇದನ್ನು ಕೊಡುವಂತಿಲ್ಲ. ಆ ಕಿಣ್ವವೂ ಒಂದು ಪ್ರೋಟೀನೇ, ಅದು ಸಾಲದಿದ್ದರೆ ಮಾತ್ರೆಯೇ ಕೆಂಪು ಕಣಗಳನ್ನು ಒಡೆಯುತ್ತದೆ. ಉಳಿದವರಲ್ಲಿ ಬಹಳ ಮಂದಿ ನಾಲ್ಕನೆಯ ದಿನ ಜ್ವರ ಬಿಟ್ಟ ಕೂಡಲೇ ಬೋಟಿಗೋ ಗಾರೆ ಕೆಲಸಕ್ಕೋ ಹೊರಡುತ್ತಾರೆ, ಹತ್ತು ದಿನದ ಮಾತ್ರೆ ಅಂಗಿಯ ಕಿಸೆಯಲ್ಲೇ ಉಳಿಯುತ್ತದೆ. ಯಕೃತ್ತಿನಲ್ಲಿ ಮಲಗಿದ ಒಂದೇ ಒಂದು ಬೀಜ ಕೆಲವು ವಾರವೋ ತಿಂಗಳೋ ಬಿಟ್ಟು ಏಳುತ್ತದೆ. ಮತ್ತೆ ಹತ್ತು ಸಾವಿರ, ಮತ್ತೆ ಎಂಟು ದಿನ, ಸ್ಲೈಡಿನ ನೂರು ನೋಟದಲ್ಲಿ ಮತ್ತೆ ನಾಲ್ಕು.