ನಿಮಗಿದು ಗೊತ್ತೆ? ಒಂದು ಲೋಟ ಮೋಸಂಬಿ ರಸದ ಲೆಕ್ಕ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಕಾಯಿಲೆಯವರನ್ನು ನೋಡಲು ಹೊರಟರೆ ಚೀಲದಲ್ಲಿ ಮೋಸಂಬಿಯೋ ದಾಳಿಂಬೆಯೋ ಇದ್ದೇ ಇರುತ್ತದೆ. ಅನಂತಪುರ ಸೀಮೆಯ ಬೆಳೆಯೇ ಅದು. ಆದರೆ ಕ್ಯಾನ್ಸರ್ ಜೊತೆ ಮಧುಮೇಹವೂ ಇದ್ದವರಿಗೆ ರಸ ಹಿಂಡಿಕೊಡುವ ಮುನ್ನ ಸ್ವಲ್ಪ ತಡೆಯಿರಿ. ಸಕ್ಕರೆ ಹಾಕದ 200 ಮಿ.ಲೀ. ಮೋಸಂಬಿ ರಸದಲ್ಲೇ ಮೂರು–ನಾಲ್ಕು ಚಮಚದಷ್ಟು ಸಕ್ಕರೆ ಇರುತ್ತದೆ. ತೊಳೆ ಬಿಡಿಸಿ ತಿಂದರೆ ನಾರೂ ಸಿಗುತ್ತದೆ, ರಕ್ತದ ಸಕ್ಕರೆಯೂ ನಿಧಾನಕ್ಕೆ ಏರುತ್ತದೆ. ಕ್ಯಾರೆಟ್, ಬೀಟ್‌ರೂಟ್ ರಸಗಳೂ ಸಪ್ಪೆಯೇನಲ್ಲ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಕೀಮೋ ವೇಳೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಬೆಳಿಗ್ಗೆ ತೆಗೆದುಕೊಂಡರೆ ಏರಿಕೆ ಹೆಚ್ಚಾಗಿ ಕಾಣುವುದು ಮಧ್ಯಾಹ್ನ, ಸಂಜೆ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಅದು ತಪ್ಪಿಹೋಗಬಹುದು.

ಹಾಗೆಂದು ಸಿಹಿ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಸೊರಗುವುದು ರೋಗಿಯೇ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದಾಗಲಂತೂ ಅದೇ ಮೋಸಂಬಿ ರಸ ಮುಕ್ಕಾಲು ಲೋಟ ಕುಡಿಸುವುದೇ ಮದ್ದು. ಹಾಗಲಕಾಯಿ ರಸವನ್ನು ಮಾತ್ರ ಮಧುಮೇಹದ ಮಾತ್ರೆ, ಇನ್ಸುಲಿನ್ ಜೊತೆ ವೈದ್ಯರನ್ನು ಕೇಳದೆ ಕುಡಿಯಬೇಡಿ. ಸಕ್ಕರೆ ತೀರಾ ಇಳಿದೀತು.