‘ಕಾರ್ಡನ್ ಆಫ್’: ಅರ್ಥ ಮತ್ತು ಪ್ರಯೋಗ

ಇಂಗ್ಲಿಷಿನ ಅನೇಕ ಕ್ರಿಯಾಪದಗಳು ‘ಆಫ್’, ‘ಅಪ್’, ‘ಔಟ್’ ಮೊದಲಾದ ಕಿರುಪದಗಳೊಡನೆ ಸೇರಿ ಹೊಸ ಅರ್ಥವನ್ನು ತಾಳುತ್ತವೆ. ಇವುಗಳಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ಕನ್ನಡದಲ್ಲಿಯೂ ಇದನ್ನು ಹೋಲುವ ರಚನೆಗಳಿವೆ. ‘ಎತ್ತು’, ‘ಕಟ್ಟು’ ಎಂಬೆರಡು ಪದಗಳನ್ನು ಬಲ್ಲ ಮಾತ್ರಕ್ಕೆ ‘ಎತ್ತಿಕಟ್ಟು’ ಎಂಬುದರ ಅರ್ಥ ತಿಳಿಯದು. ‘ಮುಚ್ಚು’ ಎಂಬುದೇ ಬೇರೆ, ‘ಮುಚ್ಚಿಹಾಕು’ ಎಂಬುದೇ ಬೇರೆ. ಈ ಉದಾಹರಣೆಗಳಿಂದ ಪಾಠವನ್ನು ಆರಂಭಿಸಿದರೆ ವಿದ್ಯಾರ್ಥಿಗಳಿಗೆ ವಿಷಯ ಸುಲಭವಾಗುತ್ತದೆ.

‘ಕಾರ್ಡನ್’ ಫ್ರೆಂಚ್ ಮೂಲದ ಪದ. ಹಗ್ಗ, ದಾರ ಎಂಬ ಅರ್ಥದಿಂದ ಬೆಳೆದುದು. ಒಂದು ಸ್ಥಳದ ಸುತ್ತ ಹಗ್ಗ, ಪಟ್ಟಿ ಅಥವಾ ಕಾವಲಿನವರ ಸಾಲನ್ನು ನಿಲ್ಲಿಸಿ ಇತರರ ಪ್ರವೇಶವನ್ನು ತಡೆಯುವುದೇ ‘ಕಾರ್ಡನ್ ಆಫ್’. ಬೆಂಕಿ ಬಿದ್ದ ಬೀದಿ, ಕುಸಿದ ಕಟ್ಟಡ, ಅಪಘಾತದ ಸ್ಥಳ ಇವುಗಳ ವರದಿಗಳಲ್ಲಿ ಈ ಪ್ರಯೋಗ ಸಾಮಾನ್ಯ.

‘ಸ್ವಿಚ್ ಆಫ್’ ಎಂಬುದರ ಬಳಕೆಯಿಂದ ಮಕ್ಕಳು ‘ಆಫ್’ ಎಂದರೆ ‘ನಿಲ್ಲಿಸು’ ಎಂದೇ ಭಾವಿಸುವುದುಂಟು. ಇಲ್ಲಿ ಅದರ ಅರ್ಥ ‘ಬೇರ್ಪಡಿಸಿ’ ಎಂದು. ಸುತ್ತಣ ಪ್ರದೇಶದಿಂದ ಆ ಜಾಗವನ್ನು ಬೇರೆ ಮಾಡಲಾಗಿದೆ ಎಂಬುದು ತಾತ್ಪರ್ಯ.

‘ಪೊಲೀಸರು ಜನರನ್ನು ತಡೆದರು’ ಎಂಬುದು ಕನ್ನಡದ ಸಹಜ ವಾಕ್ಯ. ಆದುದರಿಂದ ಇಂಗ್ಲಿಷಿನಲ್ಲಿಯೂ ಜನರನ್ನೇ ಕರ್ಮವಾಗಿ ಬರೆಯುವ ತಪ್ಪು ಸಂಭವಿಸುತ್ತದೆ. ‘ಕಾರ್ಡನ್ ಆಫ್’ ಎಂಬುದಕ್ಕೆ ಸ್ಥಳವೇ ಕರ್ಮ: ‘ದ ಪೊಲೀಸ್ ಕಾರ್ಡನ್ಡ್ ಆಫ್ ದ ಸ್ಟ್ರೀಟ್’. ನಾಮಪದವು ‘ಆಫ್’ ಎಂಬುದರ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು. ಸರ್ವನಾಮವಾದರೆ ನಡುವೆಯೇ ಬರಬೇಕು: ‘ಕಾರ್ಡನ್ಡ್ ಇಟ್ ಆಫ್’ ಸರಿ, ‘ಕಾರ್ಡನ್ಡ್ ಆಫ್ ಇಟ್’ ತಪ್ಪು.

ಸಮೀಪದ ಪದಗಳ ಭೇದವನ್ನೂ ತಿಳಿಸಬೇಕು. ‘ಬ್ಲಾಕ್ ಆಫ್’ ಎಂದರೆ ದಾರಿಗೆ ಅಡ್ಡವಿರಿಸಿ ಮುಚ್ಚುವುದು. ‘ಫೆನ್ಸ್ ಆಫ್’ ಎಂದರೆ ಬೇಲಿ ಹಾಕಿ ಬೇರ್ಪಡಿಸುವುದು. ‘ಸೀಲ್ ಆಫ್’ ಇನ್ನೂ ಕಟ್ಟುನಿಟ್ಟಾದುದು. ಒಳಹೋಗುವ, ಹೊರಬರುವ ಎರಡೂ ದಾರಿಗಳನ್ನು ಬಂದ್ ಮಾಡುವ ಅರ್ಥ ಅದಕ್ಕಿದೆ. ‘ಸರೌಂಡ್’ ಎಂದರೆ ಸುತ್ತುವರಿಯುವುದಷ್ಟೇ. ಪೊಲೀಸರು ಮನೆಯನ್ನು ‘ಸರೌಂಡ್’ ಮಾಡುವುದು ಸಾಮಾನ್ಯವಾಗಿ ಒಳಗಿರುವವನನ್ನು ಹಿಡಿಯಲು. ‘ಕಾರ್ಡನ್ ಆಫ್’ ಮಾಡುವುದು ಮುಖ್ಯವಾಗಿ ಹೊರಗಿನವರನ್ನು ದೂರವಿರಿಸಲು.

ಈ ಪದದ ತಿಳಿವಳಿಕೆ ಪರೀಕ್ಷೆಗಷ್ಟೇ ಸೀಮಿತವಲ್ಲ. ‘ದಿಸ್ ಏರಿಯಾ ಈಸ್ ಕಾರ್ಡನ್ಡ್ ಆಫ್’ ಎಂಬ ಫಲಕವನ್ನು ‘ಇಲ್ಲಿ ಕೆಲಸ ನಿಂತಿದೆ’ ಎಂದು ಓದಿಕೊಂಡ ಮಗು ಅಪಾಯದ ಸ್ಥಳಕ್ಕೆ ಕಾಲಿಡಬಹುದು. ‘ಒಳಗೆ ಹೋಗಬಾರದು’ ಎಂಬ ಅರ್ಥ ತಕ್ಷಣ ಹೊಳೆಯುವಂತೆ ಕಲಿಸುವುದು ಅಗತ್ಯ.