ಅನ್ನದ ತಟ್ಟೆಯೂ ಮನೆಯ ಮಾತೂ

ಫೆಬ್ರುವರಿ ತಿಂಗಳ ಎರಡನೆಯ ವಾರ ಸಮೀಪಿಸಿತೆಂದರೆ ದಾವಣಗೆರೆಯ ವಿದ್ಯಾರ್ಥಿ ನಿಲಯಗಳಲ್ಲಿ ಚೀಲ ಕಟ್ಟುವ ಸಂಭ್ರಮ ಆರಂಭವಾಗುತ್ತದೆ. 8 ಮತ್ತು 9ರಂದು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ, ತುಂಗಭದ್ರೆಯ ತೀರದ ವಾಲ್ಮೀಕಿ ಗುರುಪೀಠದ ಜಾತ್ರೆ. ಅದರ ಧೂಳು ಅಡಗುವ ಮುನ್ನವೇ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಲಂಬಾಣಿಗರ ಸಂತ ಸೇವಾಲಾಲರ ಜಯಂತಿ. ಜಗಳೂರು ಸೀಮೆಯ ನಾಯಕ ಸಮುದಾಯದ ಮಕ್ಕಳು ಮೊದಲನೆಯದಕ್ಕೂ, ಹೊನ್ನಾಳಿ, ಚನ್ನಗಿರಿ, ನ್ಯಾಮತಿಗಳ ತಾಂಡಾಗಳ ಮಕ್ಕಳು ಎರಡನೆಯದಕ್ಕೂ ಬಸ್ಸು ಹತ್ತುತ್ತಾರೆ. ಹಿಂದೊಮ್ಮೆ ಸೂರಗೊಂಡನಕೊಪ್ಪಕ್ಕೆ ಹೋಗಿದ್ದಾಗ, ಮರಿಯಮ್ಮನ ಗುಡಿಯ ಹೊರಗಿನ ನೆರಳಿನಲ್ಲಿ, ಕವಡೆ ಕನ್ನಡಿಗಳನ್ನು ಹೊಲಿದ ಕಾಂಚಳಿ ತೊಟ್ಟು ಕುಳಿತಿದ್ದ ವೃದ್ಧೆಯೊಬ್ಬಳಿಗೆ, ಬಿ.ಎ. ಓದುತ್ತಿದ್ದ ಮೊಮ್ಮಗಳು ತನ್ನ ಪರೀಕ್ಷೆಯ ಅಂಕಗಳನ್ನು ಒಂದೊಂದಾಗಿ ತಮ್ಮ ಮನೆಮಾತಾದ ಗೋರ್‌ಬೋಲಿಯಲ್ಲಿ ಬಿಡಿಸಿ ಹೇಳುತ್ತಿದ್ದುದನ್ನು ಕಂಡೆ. ನಾನು ಮಾತನಾಡಿಸಲು ಆ ಹುಡುಗಿ, "ಹಾಸ್ಟೆಲಿನಲ್ಲಿ ಈ ಮಾತನ್ನು ಮೆಟ್ಟಿಲ ಕೆಳಗೆ ನಿಂತು, ಫೋನಿಗೆ ಕೈ ಅಡ್ಡ ಹಿಡಿದು ಆಡುತ್ತೇನೆ ಸರ್, ಇಲ್ಲಿ ಕೂಗಿಯೇ ಆಡಬಹುದು" ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಅರಣ್ಯ, ಬಯಲು, ತಾಂಡಾಗಳಿಂದ ಹೊರಟ ಮಕ್ಕಳು ಕಾಲೇಜಿನ ಮೆಟ್ಟಿಲೇರಿದ ಮೇಲೆ ಅವರಿಗೆ ಅನ್ನವನ್ನು ಕೊಟ್ಟವರಾರು, ಧೈರ್ಯವನ್ನು ಕೊಟ್ಟವರಾರು ಎಂದು ಹುಡುಕುತ್ತ ಹೋದಂತೆ, ಈ ನಾಡಿನಲ್ಲಿ ಎರಡು ಪ್ರವಾಹಗಳು ಅಕ್ಕಪಕ್ಕದಲ್ಲಿ ಹರಿದುಬಂದೂ ಇನ್ನೂ ಸರಿಯಾಗಿ ಸಂಗಮಿಸಿಲ್ಲವೆಂಬುದು ನನಗೆ ಮನವರಿಕೆಯಾಯಿತು.

ಮೊದಲನೆಯದು ಅನ್ನದ ಪ್ರವಾಹ. ಮೈಸೂರು ಸಂಸ್ಥಾನದಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರಂತಹ ಸೇವಾವ್ರತಿಗಳು ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಉಚಿತ ವಸತಿಗೃಹಗಳನ್ನು ತೆರೆದ ಕಾಲದಿಂದಲೂ, ದೂರದೂರಿನ ಬಡ ಹುಡುಗನಿಗೆ ಶಾಲೆಗಿಂತ ಮುಂಚೆ ಬೇಕಾದುದು ಮಲಗಲು ಒಂದು ಮೂಲೆ ಎಂಬ ತಿಳಿವಳಿಕೆ ನಮ್ಮಲ್ಲಿತ್ತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರವು 1944–45ರಲ್ಲಿ ಪರಿಶಿಷ್ಟ ಜಾತಿಗಳಿಗಾಗಿ ಆರಂಭಿಸಿ, 1948–49ರಲ್ಲಿ ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಆದರೆ ಪಟ್ಟಿಯಲ್ಲಿ ಯಾರಿದ್ದರು? ತೆಲಂಗಾಣ, ಆಂಧ್ರಗಳಲ್ಲಿ ಪರಿಶಿಷ್ಟ ಪಂಗಡವೆನಿಸಿರುವ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಒಂದೇ ಭಾಷೆ, ಒಂದೇ ಸೇವಾಲಾಲರು, ಆದರೂ ಗಡಿಯ ಕಲ್ಲೊಂದು ಅವರ ಹೆಸರನ್ನೇ ಬದಲಿಸುತ್ತದೆ. ನಾಯಕ ಸಮುದಾಯವನ್ನು ಕರೆಯುವ ಬೇಡ, ವಾಲ್ಮೀಕಿ ಎಂಬ ಹೆಸರುಗಳಾದರೋ 1991ರಲ್ಲಿ ಸಂಸತ್ತು ತಿದ್ದುಪಡಿ ಮಾಡುವ ತನಕ ಪಂಗಡಗಳ ಪಟ್ಟಿಯಲ್ಲಿ ಕಾಣಿಸಲೇ ಇಲ್ಲ. ಅಲ್ಲಿಯವರೆಗೆ ಜಗಳೂರಿನ ಎಷ್ಟು ಹುಡುಗರು ಎಸ್‌ಎಸ್‌ಎಲ್‌ಸಿ ಮುಗಿಸಿ ಕುರಿಗಳ ಹಿಂದೆ ಹೋದರೋ, ಲೆಕ್ಕವಿಟ್ಟವರಿಲ್ಲ.

ಲೆಕ್ಕವಿಡಬೇಕೆಂದು ಹಟ ಹಿಡಿದವರು ಮಾತ್ರ ಒಬ್ಬರಿದ್ದರು. ಹೊನ್ನಾಳಿಯ ನೆರೆಯ ರಾಣೆಬೆನ್ನೂರಿನ ಬೇಡ ಸಮುದಾಯದಲ್ಲಿ 1927ರಲ್ಲಿ ಹುಟ್ಟಿದ ಎಲ್.ಜಿ. ಹಾವನೂರರು, ದೇವರಾಜ ಅರಸರ ಸರ್ಕಾರವು 1972ರಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದಾಗ, ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಯಾವ ಸಮುದಾಯದಿಂದ ಎಷ್ಟು ಮಕ್ಕಳು ತೇರ್ಗಡೆಯಾದರೆಂಬುದನ್ನು ಎಣಿಸಿ, ಅದನ್ನೇ ಹಿಂದುಳಿದಿರುವಿಕೆಯ ಅಳತೆಗೋಲಾಗಿ ಹಿಡಿದರು. 1975ರ ಆ ವರದಿಯಿಂದ ಈಚೆಗೆ ಹಾಸ್ಟೆಲು ದಾನಿಗಳ ಕೃಪೆಯಾಗಿ ಉಳಿಯದೆ ಹಕ್ಕಾಗತೊಡಗಿತೆಂದು ನಾನು ಭಾವಿಸುತ್ತೇನೆ.

ಇನ್ನು ಕಾಲೇಜು ಸಮೀಪಿಸಿದ ಕಥೆಯನ್ನು ಚುಟುಕಾಗಿ ಹೇಳಬಹುದು. ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿಗಳನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಪಡೆದು ದಾವಣಗೆರೆ ಜಿಲ್ಲೆ ಹುಟ್ಟಿತು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ತಾಲ್ಲೂಕಾದುದು ಬಹಳ ಈಚೆಗೆ. 2009ರಲ್ಲಿ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಸ್ಥಾಪಿತವಾದುದರಿಂದ ಸ್ನಾತಕೋತ್ತರ ಪದವಿಯೂ ಬಸ್ಸಿನ ದೂರಕ್ಕೆ ಬಂದಿತು.

ಎರಡನೆಯ ಪ್ರವಾಹ ಸಮುದಾಯದ್ದು. 1998ರಲ್ಲಿ ರಾಜನಹಳ್ಳಿಯಲ್ಲಿ ಗುರುಪೀಠ ನೆಲೆಗೊಂಡಾಗ, ಮಠವೆಂಬ ಆಶ್ರಯವೇ ಇಲ್ಲದಿದ್ದ ಜನಕ್ಕೆ ಒಂದು ವಿಳಾಸ ದೊರೆಯಿತು. 2019ರಲ್ಲಿ ಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿಯವರು ಅಲ್ಲಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿ, 2022ರಲ್ಲಿ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತ ತರುವಾಯ, ಅದೇ ವರ್ಷದ ಅಕ್ಟೋಬರಿನಲ್ಲಿ ಪರಿಶಿಷ್ಟ ಪಂಗಡಗಳ ಮೀಸಲಾತಿಯು ಶೇ 3ರಿಂದ ಶೇ 7ಕ್ಕೆ ಏರಿತು. ಸೂರಗೊಂಡನಕೊಪ್ಪದಲ್ಲಿ 1739ರಲ್ಲಿ ಹುಟ್ಟಿದ ಸೇವಾಲಾಲರ ಸನ್ನಿಧಿಗೆ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಬರುವ ಜನಸ್ತೋಮವನ್ನು ಕಂಡ ತಾಂಡಾದ ಮಗುವಿಗೆ, ತನ್ನ ಮಾತು ಮೆಟ್ಟಿಲ ಕೆಳಗಿನ ಮಾತಲ್ಲವೆಂಬುದನ್ನು ಯಾವ ಪಾಠಪುಸ್ತಕವೂ ಬೋಧಿಸಬೇಕಾಗಿಲ್ಲ.

ಆದರೆ ಜಾತ್ರೆ ಎರಡು ಮೂರು ದಿನ, ಹಾಸ್ಟೆಲು ಹತ್ತು ತಿಂಗಳು. ಕಾಫಿ ತೋಟಗಳಿಗೆ ಗುಳೆ ಹೋದ ತಂದೆತಾಯಿಗಳ ಮಕ್ಕಳು ಹಬ್ಬಕ್ಕೂ ಬೀಗ ಹಾಕಿದ ಮನೆಗೆ ಮರಳುತ್ತಾರೆ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಕ್ಯಾಂಪುಗಳ ಮಕ್ಕಳ ಕಷ್ಟ ಇನ್ನೊಂದು ಬಗೆಯದು: 1972ರ ವನ್ಯಜೀವಿ ಕಾಯಿದೆಯ ನಂತರ ಹಕ್ಕಿ ಹಿಡಿಯುವ ಕುಲಕಸುಬು ನಿಂತುಹೋಗಿ, ತಲೆಗೂದಲಿನ ಎಣ್ಣೆ, ಗಿಡಮೂಲಿಕೆಗಳನ್ನು ಮಾರಲು ಆಫ್ರಿಕಾದವರೆಗೂ ಹೋಗತೊಡಗಿದ ಆ ಜನರಲ್ಲಿ ಹಲವರು 2023ರ ಏಪ್ರಿಲಿನಲ್ಲಿ ಸುಡಾನಿನ ಯುದ್ಧದ ನಡುವೆ ಸಿಲುಕಿದ್ದರು. ಹೆತ್ತವರು ಗುಂಡಿನ ಸದ್ದಿನ ಮಧ್ಯೆ ಇರುವಾಗ ಪುಸ್ತಕ ಬಿಚ್ಚಿ ಕುಳಿತ ಹುಡುಗನ ಮನಸ್ಸು ಎಲ್ಲಿದ್ದೀತು? ಆದಿವಾಸಿ ಭಿಲ್ ಸಮುದಾಯದ ಯುವ ವೈದ್ಯೆ ಪಾಯಲ್ ತಡ್ವಿ 2019ರಲ್ಲಿ ಮುಂಬಯಿಯ ಹಾಸ್ಟೆಲಿನ ಕೊಠಡಿಯಲ್ಲಿ ಪ್ರಾಣ ಕಳೆದುಕೊಂಡಾಗ ದೇಶವೇ ತಲ್ಲಣಿಸಿತು; ಆದರೂ ಸೀಟು ದೊರಕಿಸಿಕೊಟ್ಟ ಮೇಲೆ ಮನಸ್ಸಿನ ಯೋಗಕ್ಷೇಮವನ್ನು ವಿಚಾರಿಸುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ದುರ್ಬಲವಾಗಿಯೇ ಇದೆ. ಜಗಳೂರಿಗೆ ಹೊಂದಿಕೊಂಡ ಅಂದಿನ ಬಳ್ಳಾರಿ ಜಿಲ್ಲೆಯಲ್ಲೇ, 1985ರಿಂದ 1990ರವರೆಗೆ, ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ಯಬಹುದೆಂದು ನಿಮ್ಹಾನ್ಸ್ ತೋರಿಸಿಕೊಟ್ಟಿತು. ಆ ಬಳ್ಳಾರಿ ಮಾದರಿಯಿಂದಲೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2022ರಿಂದ ಮಾನಸಿಕ ನೆರವಿಗಾಗಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಹಾಸ್ಟೆಲಿನ ಗೋಡೆಯ ಮೇಲೆ, ಊಟದ ಪಟ್ಟಿಯ ಪಕ್ಕದಲ್ಲಿಯೇ ಬರೆಸಬೇಕೆಂಬುದು ನನ್ನ ಕಳಕಳಿಯ ಬಿನ್ನಹ.

ಹೊರದೇಶದ ಒಂದು ನಿದರ್ಶನ ಇಲ್ಲಿ ನೆನಪಾಗುತ್ತದೆ. ಕೆನಡಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಅಜ್ಜಿಯರ ಮಡಿಲಿನಿಂದ ಕಿತ್ತು ವಸತಿಶಾಲೆಗಳಲ್ಲಿಟ್ಟು, ತಾಯ್ನುಡಿಯಾಡಿದರೆ ದಂಡಿಸಿದರು. 2015ರಲ್ಲಿ ಅಲ್ಲಿನ ಸತ್ಯಶೋಧನಾ ಆಯೋಗವು ಅದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು. ಇಂದು ಅದೇ ದೇಶದ ಹಲವು ವಿಶ್ವವಿದ್ಯಾಲಯಗಳು ಸಮುದಾಯದ ಹಿರಿಯರನ್ನು ಗೌರವದಿಂದ ಕರೆತಂದು, ವಿದ್ಯಾರ್ಥಿಗಳು ಬಂದು ಮಾತನಾಡಲೆಂದು ಆವರಣದಲ್ಲಿಯೇ ಕುಳ್ಳಿರಿಸುತ್ತವೆ. ನಮ್ಮ ಹಾಸ್ಟೆಲು ಮಕ್ಕಳನ್ನು ಕಿತ್ತು ತರಲಿಲ್ಲ. ಹೆತ್ತವರೇ ಕಣ್ಣೀರು ಒರೆಸಿಕೊಂಡು ಕಳುಹಿಸಿದರು. ಆದುದರಿಂದ ತಾಂಡಾದ ನಾಯಕನನ್ನೋ, ಜಗಳೂರು ಕಡೆಯ ದೇವರ ಎತ್ತುಗಳನ್ನು ಕಾಯುವ ಕಿಲಾರಿಯನ್ನೋ ತಿಂಗಳಿಗೊಂದು ಸಂಜೆ ಹಾಸ್ಟೆಲಿಗೆ ಕರೆಸುವುದು ನಮಗೆ ಇನ್ನೂ ಸುಲಭವಾಗಬೇಕು.

ಈ ಎರಡು ಪ್ರವಾಹಗಳು ಕೂಡಲು ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಹಾಸ್ಟೆಲೊಂದರಲ್ಲಿ ವಾರಕ್ಕೊಮ್ಮೆ ಬಡಿಸುವ ಕೋಳಿಸಾರಿನ ದಿನ ನಾನು ಅಲ್ಲಿದ್ದೆ. ಸಾಲಿನಲ್ಲಿ ನಿಂತಿದ್ದ ಜಗಳೂರಿನ ಹುಡುಗನೊಬ್ಬ ತನ್ನ ಸರದಿ ಬಂದಾಗ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು ಬರಿಯ ಅನ್ನ ಮಜ್ಜಿಗೆ ಹಾಕಿಸಿಕೊಂಡು ಮೂಲೆಗೆ ಹೋಗಿ ಕುಳಿತ. ಅವನು ಬೇಡರಲ್ಲೇ ಒಂದು ಪಂಗಡವಾದ ಮ್ಯಾಸಬೇಡರವನು; ಅವರಲ್ಲಿ ಕುರಿಯ ಮಾಂಸ ಉಂಟು, ಕೋಳಿ ನಿಷಿದ್ಧ. ಅದು ಅವರ ದೇವರಿಗೆ ಸಂಬಂಧಿಸಿದ ಕಟ್ಟು. ಯಾರನ್ನಾದರೂ ಕೇಳಬಾರದಿತ್ತೇ ಎಂದು ನಾನು ಅವನಲ್ಲಿ ವಿಚಾರಿಸಿದಾಗ, "ಹೇಳಿದರೆ ನಗುತ್ತಾರೆ ಸರ್" ಎಂದ. ಅಡುಗೆಯಾಕೆ, ನಡುವಯಸ್ಸಿನ ಹೆಂಗಸು, ಸೌಟು ಹಿಡಿದಂತೆಯೇ ಇದನ್ನು ಕೇಳಿಸಿಕೊಂಡರು. "ಅಯ್ಯೋ, ಒಂದು ಮಾತು ಹೇಳಬಾರದಾ ಮಗಾ" ಎಂದವರೇ ಒಳಗೆ ಹೋಗಿ, ಬೆಳಗಿನ ಹುರುಳಿಕಾಳಿನ ಸಾರು ಉಳಿದಿದ್ದ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟರು.